ಪಗಾರದ ದಿನ ಗೇಟಿನಲ್ಲಿ ನಿಲ್ಲುವ ಏಜೆಂಟ್

ಹುಬ್ಬಳ್ಳಿ ಹೊರವಲಯದ ತಾರಿಹಾಳದಲ್ಲಿ ವಿಮೆ ಮಾರಲು ಹೊರಟವರಿಗೆ ಹೆದರಿಸುವ ಸಾಮಗ್ರಿಗೇನೂ ಬರವಿಲ್ಲ. 2022ರ ಮೇ ತಿಂಗಳಲ್ಲಿ ಇಲ್ಲಿನ ಬೈಪಾಸ್‌ನಲ್ಲಿ, ಕೊಲ್ಹಾಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ನಡುರಾತ್ರಿ ಲಾರಿಗೆ ಡಿಕ್ಕಿಯಾಗಿ ಹಲವರು ಸತ್ತರು. ಎರಡೇ ತಿಂಗಳಿಗೆ, ಜುಲೈನಲ್ಲಿ, ಕೈಗಾರಿಕಾ ಪ್ರದೇಶದ ಒಂದು ಘಟಕಕ್ಕೆ ಬೆಂಕಿ ಬಿತ್ತು. ಹುಟ್ಟುಹಬ್ಬದ ಕೇಕಿನ ಮೇಲೆ ಕಿಡಿ ಹಾರಿಸುವ ಕ್ಯಾಂಡಲ್ ಅಲ್ಲಿ ತಯಾರಾಗುತ್ತಿತ್ತು. ಸುಟ್ಟ ಗಾಯಗಳಾದ ಕಾರ್ಮಿಕರಲ್ಲಿ ಕೆಲವರು ಒಬ್ಬರ ಹಿಂದೊಬ್ಬರು ಪ್ರಾಣ ಬಿಟ್ಟರು.

ಇಂಥ ಸುದ್ದಿ ಬಂದ ಸಂಜೆ ಕೆಲವು ಏಜೆಂಟರ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಬೇಕು. ನಜ್ಜುಗುಜ್ಜಾದ ವಾಹನದ ಫೋಟೋ, ಕೈ ಮುಗಿಯುವ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ತಮ್ಮ ಮೊಬೈಲ್ ನಂಬರು. ಇದನ್ನು ಮಾರ್ಕೆಟಿಂಗ್ ಎಂದು ಕರೆಯುವವರಿದ್ದಾರೆ. ಸತ್ತವರ ಮನೆಯಲ್ಲಿ ಇನ್ನೂ ಅಳು ನಿಂತಿರುವುದಿಲ್ಲ ಎಂಬ ಮಾತು ಹಾಗಿರಲಿ, ವ್ಯಾಪಾರದ ಲೆಕ್ಕದಲ್ಲೂ ಇದು ದಡ್ಡತನ. ಹೆದರಿ ಪಾಲಿಸಿ ಮಾಡಿಸಿದವರು ಹೆದರಿಕೆ ಇರುವಷ್ಟು ದಿನ ಕಂತು ತುಂಬುತ್ತಾರೆ, ಆಮೇಲೆ ಬಿಡುತ್ತಾರೆ.

ಎಷ್ಟು ಬಿಡುತ್ತಾರೆ ಎಂಬುದಕ್ಕೆ ಎಲ್‌ಐಸಿಯೇ ಲೆಕ್ಕ ಕೊಡುತ್ತದೆ. 2024–25ರಲ್ಲಿ ಪ್ರೀಮಿಯಂ ಮೊತ್ತದ ಪ್ರಕಾರ 13ನೇ ತಿಂಗಳಿಗೆ ಉಳಿದಿದ್ದ ವ್ಯವಹಾರ ಸುಮಾರು ಶೇ 75, 61ನೇ ತಿಂಗಳಿಗೆ ಸುಮಾರು ಶೇ 63. ಪಾಲಿಸಿಗಳನ್ನು ತಲೆ ಎಣಿಸಿ ನೋಡಿದರೆ ಉಳಿದವು ಇದಕ್ಕೂ ಕಡಿಮೆ, ಏಕೆಂದರೆ ಸಣ್ಣ ಕಂತಿನವೇ ಮೊದಲು ನಿಲ್ಲುತ್ತವೆ. ಸಣ್ಣ ಕಂತು ಯಾರದು? ತಾರಿಹಾಳದ ಶೆಡ್ಡಿನಲ್ಲಿ ಲೇಥ್ ಓಡಿಸುವವನದು, ಪ್ಯಾಕಿಂಗ್ ಮಾಡುವವಳದು.

2024ರ ಅಕ್ಟೋಬರ್ 1ರಿಂದ ಈ ಲೆಕ್ಕ ಏಜೆಂಟರ ಕಿಸೆಗೇ ಬಂದಿದೆ. ಒಂದೇ ವರ್ಷದ ಕಂತು ತುಂಬಿ ಪಾಲಿಸಿ ಬಿಟ್ಟವರಿಗೂ ಒಂದಿಷ್ಟು ಹಣ ಮರಳಿಸಬೇಕು ಎಂಬ ನಿಯಮ ಬಂದ ಕೂಡಲೇ ಎಲ್‌ಐಸಿ ಉಳಿತಾಯವೂ ಸೇರಿರುವ ಎಂಡೋಮೆಂಟ್ ಪಾಲಿಸಿಗಳ ಮೊದಲ ವರ್ಷದ ಕಮಿಷನ್ನನ್ನು ಶೇ 35ರಿಂದ 28ಕ್ಕೆ ಇಳಿಸಿ, ನಂತರದ ಕಂತುಗಳ ಕಮಿಷನ್ನನ್ನು ಶೇ 5ರಿಂದ 7.5ಕ್ಕೆ ಏರಿಸಿತು. ಏಜೆಂಟರು ಸಿಟ್ಟಾದರು, ಪ್ರತಿಭಟಿಸಿದರು. ಅವರ ಸಿಟ್ಟಿಗೆ ಕಾರಣವಿತ್ತು. ಆದರೆ ಹೊಸ ದರದ ಅರ್ಥ ಸರಳ: ಹೊಸ ಗಿರಾಕಿಯ ಬೆನ್ನು ಹತ್ತುವುದಕ್ಕಿಂತ ಇದ್ದವರನ್ನು ಉಳಿಸಿಕೊಳ್ಳುವುದಕ್ಕೆ ಈಗ ಮೊದಲಿಗಿಂತ ಹೆಚ್ಚು ರೊಕ್ಕ.

ನಮ್ಮಲ್ಲಿ ‘ಸ್ವತಂತ್ರ ಏಜೆಂಟ್’ ಎನ್ನುವಾಗ ಸ್ವಾತಂತ್ರ್ಯ ಅಷ್ಟಕ್ಕಷ್ಟೇ, ಸಂಬಳವಂತೂ ಇಲ್ಲ. ಒಬ್ಬ ಏಜೆಂಟ್ ಒಂದು ಜೀವವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಯ ಪಾಲಿಸಿಗಳನ್ನು ಮಾರಬಹುದು. ಹತ್ತು ಕಂಪನಿಗಳ ದರ ಮುಂದಿಟ್ಟು ಅಗ್ಗದ್ದನ್ನು ಆರಿಸಿಕೊಡುವ ಕೆಲಸವನ್ನು ಮೊಬೈಲ್ ಆ್ಯಪ್‌ಗಳು ಮಾಡುತ್ತವೆ. ಆ ಓಟದಲ್ಲಿ ತಾರಿಹಾಳದ ಏಜೆಂಟ್ ಗೆಲ್ಲುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ. ಆ್ಯಪ್‌ಗೆ ಗೊತ್ತಿಲ್ಲದ ಒಂದು ಸಂಗತಿ ಅವನಿಗೆ ಗೊತ್ತಿರುತ್ತದೆ: ಯಾವ ಶೆಡ್ಡಿನಲ್ಲಿ ಪಗಾರ ಎಷ್ಟನೇ ತಾರೀಖಿಗೆ ಆಗುತ್ತದೆ ಎಂಬುದು.

ಮಾತು ತಮಾಷೆಯದಲ್ಲ. ವರ್ಷದ ಕಂತು 9 ಸಾವಿರ ಎಂದಿಟ್ಟುಕೊಳ್ಳಿ. ಅದು ಜೂನ್‌ನಲ್ಲಿ, ಮಕ್ಕಳ ಶಾಲೆಯ ಫೀ ಮತ್ತು ಊರಿನ ಹೊಲದ ಬಿತ್ತನೆ ಬೀಜ ಎರಡೂ ಒಟ್ಟಿಗೆ ಬರುವ ತಿಂಗಳಲ್ಲಿ ಬಿದ್ದರೆ ತುಂಬುವವರು ಯಾರು? ಅದನ್ನೇ ತಿಂಗಳ ಕಂತಾಗಿ ಒಡೆದು, ಪಗಾರ ಜಮೆಯಾದ ಮರುದಿನ ಬ್ಯಾಂಕಿನಿಂದ ತಾನಾಗಿ ಕಡಿತವಾಗುವಂತೆ ಮಾಡಿದರೆ ಭಿಶಿ ಚೀಟಿಯ ಹಣ ತುಂಬಿದಂತೆ ನಡೆದುಹೋಗುತ್ತದೆ. ತಿಂಗಳ ಕಂತಿಗೆ ಗಡುವು ದಾಟಿದ ಮೇಲೆ ಸಿಗುವ ರಿಯಾಯಿತಿ 15 ದಿನ, ಉಳಿದ ಕಂತುಗಳಿಗೆ 30 ದಿನ. ನಿಂತುಹೋದ ಪಾಲಿಸಿಯನ್ನು ಮೊದಲ ಬಾಕಿ ಕಂತಿನಿಂದ 5 ವರ್ಷದೊಳಗೆ ಮತ್ತೆ ಚಾಲೂ ಮಾಡಿಸಬಹುದು. ಹಳೆಯ ಡೈರಿ ತೆಗೆದು ಈ ಐದು ವರ್ಷದೊಳಗೆ ನಿಂತುಹೋದವರ ಪಟ್ಟಿ ಮಾಡಿದರೆ ಹೊಸ ಗಿರಾಕಿಗಳಿಗಾಗಿ ಹುಬ್ಬಳ್ಳಿಯ ಗೋಕುಲ ರಸ್ತೆಯುದ್ದಕ್ಕೂ ಅಲೆಯುವುದು ಅರ್ಧ ತಪ್ಪುತ್ತದೆ.

ಪಾಲಿಸಿ ನಿಂತುಹೋದವರಿಗೆ ಫೋನ್ ಮಾಡಲು ನೆವವೂ ಇದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ಪೂರ್ತಿ ಹೋಯಿತು. ಟರ್ಮ್ ಮತ್ತು ಆರೋಗ್ಯ ಪಾಲಿಸಿಗಳಿಗೆ ಅದು ಶೇ 18 ಇತ್ತು. ಎಂಡೋಮೆಂಟ್ ಪಾಲಿಸಿಗೆ ಮಾತ್ರ ಮೊದಲ ವರ್ಷ ಶೇ 4.5, ಆಮೇಲೆ 2.25. ಎರಡನ್ನೂ ಕಲಸಿ ‘ಶೇ 18 ಉಳಿತಾಯ’ ಎಂದು ಎಲ್ಲರಿಗೂ ಹೇಳುವವರು ಮುಂದಿನ ರಸೀದಿ ಬಂದಾಗ ಮುಖ ಮರೆಸಿಕೊಳ್ಳಬೇಕಾಗುತ್ತದೆ.

ಮಾರ್ಚ್ ತಿಂಗಳ ಸುಗ್ಗಿಯಂತೂ ಮುಗಿಯಿತು. ತೆರಿಗೆ ಉಳಿಸಲು 80ಸಿ ಎಂದು ಕಚೇರಿಯಿಂದ ಕಚೇರಿಗೆ ಓಡಾಡುತ್ತಿದ್ದ ಕಾಲ ಅದು. 2023–24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ, ಅದರಲ್ಲಿ 80ಸಿ ಇಲ್ಲ. 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೂ ಇಲ್ಲ. ಅಷ್ಟಕ್ಕೂ, ತಿಂಗಳಿಗೆ 18 ಸಾವಿರ ಪಗಾರದ ಫಿಟ್ಟರ್ ಎಂದು ತೆರಿಗೆ ಕಟ್ಟಿದ್ದ? ಅವನಿಗೂ ಅದೇ ಭಾಷಣ ಮಾಡಿದವರಿದ್ದಾರೆ.

ಅವನಿಗೆ ಬೇಕಾದದ್ದು ಬೇರೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ, ತಿಂಗಳಿಗೆ 21 ಸಾವಿರದವರೆಗೆ ಪಗಾರ ಇರುವವರಿಗೆ ಇಎಸ್ಐ ಇರಬೇಕು. ಅದಕ್ಕೆ ಕಾರ್ಮಿಕನಿಂದ ಶೇ 0.75, ಮಾಲೀಕರಿಂದ 3.25. ಪಿಎಫ್ ಇದ್ದರೆ ಅದರ ಜೊತೆಗೇ ಇಡಿಎಲ್ಐ ಎಂಬ ವಿಮೆ ಇರುತ್ತದೆ. ಕೆಲಸದಲ್ಲಿರುವಾಗ ಸತ್ತರೆ ಮನೆಯವರಿಗೆ ಗರಿಷ್ಠ 7 ಲಕ್ಷ. ಕಾರ್ಮಿಕ ಇದಕ್ಕೆ ಒಂದು ಪೈಸೆ ಕಟ್ಟುವುದಿಲ್ಲ, ಹಾಗಾಗಿ ಅದು ಇದೆ ಎಂಬುದೇ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ಇದರ ಮೇಲೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ. ಜೀವನ್ ಜ್ಯೋತಿ, 436 ರೂಪಾಯಿಗೆ 2 ಲಕ್ಷದ ಜೀವವಿಮೆ. ಎರಡೂ 2015ರ ಮೇ 9ರಂದು ಶುರುವಾದವು.

ಇವುಗಳಲ್ಲಿ ಏಜೆಂಟನಿಗೆ ಹುಟ್ಟುವುದು ಏನೂ ಇಲ್ಲವೆಂದೇ ಹೇಳಬೇಕು. ಆದ್ದರಿಂದಲೇ ಇವುಗಳ ಬಗ್ಗೆ ಮಾತಾಡುವ ಏಜೆಂಟನನ್ನು ಜನ ನಂಬುತ್ತಾರೆ. “ಅಕ್ಕಾರ, ಪಾಸ್‌ಬುಕ್ ತೋರಸ್ರಿ, 20 ರೂಪಾಯಿ ಕಟ್ ಆಗೇತಿಲ್ಲೋ ನೋಡೂನು” ಎಂದು ಕೇಳಿದವನನ್ನು ಆ ಮನೆ ಮರೆಯುವುದಿಲ್ಲ. ಮಗಳಿಗೆ ನೌಕರಿ ಸಿಕ್ಕು ಟರ್ಮ್ ಪಾಲಿಸಿ ಮಾಡಿಸುವ ಕಾಲಕ್ಕೆ ಮೊದಲ ಫೋನು ಅವನಿಗೇ.

ಪರಿಚಿತರ ಮೇಲಿನ ನಂಬಿಕೆಯಿಂದಲೇ ವಿಮೆ ಬೆಳೆಯುತ್ತದೆ ಎಂಬುದು ಕರ್ನಾಟಕಕ್ಕೆ ಹೊಸ ಪಾಠವೇನಲ್ಲ. ಸಹಕಾರ ಸಂಘಗಳ ಸದಸ್ಯರಿಗಾಗಿ ರೂಪಿಸಿದ ಯಶಸ್ವಿನಿ ಆರೋಗ್ಯ ಯೋಜನೆ 2003ರಲ್ಲಿ ಜಾರಿಗೆ ಬಂದಾಗ ವಂತಿಗೆ ತಲೆಗೆ ತಿಂಗಳಿಗೆ 5 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಅವರನ್ನು ಸೇರಿಸಿದ್ದು ಟಿವಿ ಜಾಹೀರಾತಲ್ಲ, ಸಹಕಾರ ಸಂಘಗಳ ಜಾಲ. ಊರಿನ ಕೃಷಿ ಪತ್ತಿನ ಸಂಘದ ಕಾರ್ಯದರ್ಶಿಗೆ ಯಾರ ಮನೆಯಲ್ಲಿ ಎಷ್ಟು ಮಂದಿ, ಯಾರು ಸಾಲ ತೀರಿಸಿದ್ದಾರೆ, ಯಾರು ತೀರಿಸಿಲ್ಲ ಎಲ್ಲ ಗೊತ್ತು. ಸೇರಿದವರಿಗೂ ಅವನು ಎಲ್ಲಿ ಸಿಗುತ್ತಾನೆ ಎಂಬುದು ಗೊತ್ತು. 2018ರಲ್ಲಿ ಯೋಜನೆಯನ್ನು ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಕರಗಿಸಲಾಯಿತು, ನಾಲ್ಕು ವರ್ಷಕ್ಕೆ ಮತ್ತೆ ತರಬೇಕಾಯಿತು.

ಇನ್ನು ಶೆಡ್ಡಿನ ಮಾಲೀಕರು. ತಾರಿಹಾಳದಲ್ಲಿ ನಿಜವಾದ ಅವಕಾಶ ಇರುವುದು ಇಲ್ಲಿ, ಮತ್ತು ಏಜೆಂಟರು ಅತಿ ಕಡಿಮೆ ಓದಿಕೊಂಡಿರುವುದೂ ಇಲ್ಲೇ. ಸಣ್ಣ ಘಟಕಗಳ ಬೆಂಕಿ ವಿಮೆ ಬಹಳಷ್ಟು ಸಲ ಬ್ಯಾಂಕ್ ಸಾಲದ ಫೈಲಿನ ಜೊತೆ ಹುಟ್ಟುತ್ತದೆ. ಸಾಲ ಎಷ್ಟೋ ವಿಮೆಯೂ ಅಷ್ಟೇ. ಸಾಲ 20 ಲಕ್ಷ, ಯಂತ್ರ ಮತ್ತು ಸರಕಿನ ಬೆಲೆ 40 ಲಕ್ಷ ಎಂದುಕೊಳ್ಳೋಣ. ಬೆಂಕಿಗೆ 10 ಲಕ್ಷದ ಮಾಲು ಹೋಯಿತು. ಹತ್ತಕ್ಕೆ ಹತ್ತೂ ಬರುತ್ತದೆ ಎಂದು ಮಾಲೀಕ ಕಾದು ಕೂತಿರುತ್ತಾನೆ. ಅರ್ಧ ಬೆಲೆಗೆ ವಿಮೆ ಮಾಡಿಸಿದ್ದೀರಿ, ಅರ್ಧ ನಷ್ಟ ನಿಮ್ಮದೇ ಎಂದು ಸರ್ವೇಯರ್ ಬರೆಯುತ್ತಾರೆ. ಬರುವುದು ಸ್ಥೂಲವಾಗಿ 5 ಲಕ್ಷ. ಮೋಸವಾಯಿತು ಎಂದು ಅವನು ಊರೆಲ್ಲ ಹೇಳಿಕೊಂಡು ಬರುತ್ತಾನೆ, ಅದೂ ಒಂದು ಬಗೆಯ ಮಾರ್ಕೆಟಿಂಗೇ.

2021ರ ಏಪ್ರಿಲ್ 1ರಿಂದ 5 ಕೋಟಿವರೆಗಿನ ಆಸ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, ಅದರ ಮೇಲೆ 50 ಕೋಟಿವರೆಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’ ಎಂಬ ಸಿದ್ಧ ಪಾಲಿಸಿಗಳು ಬಂದಿವೆ. ವಿಮೆಯ ಮೊತ್ತ ನಿಜ ಬೆಲೆಗಿಂತ ಶೇ 15ರಷ್ಟು ಕಡಿಮೆ ಇದ್ದರೂ ಇವುಗಳಲ್ಲಿ ಕತ್ತರಿ ಬೀಳುವುದಿಲ್ಲ. ಅದಕ್ಕಿಂತ ಹೆಚ್ಚು ಕೊರತೆಯಿದ್ದರೆ ಬೀಳುತ್ತದೆ. ಬೇಸಿಗೆಯಲ್ಲಿ ಒಮ್ಮೆ ಶೆಡ್ಡಿಗೆ ಹೋಗಿ, ಮಾಲೀಕರ ಜೊತೆ ಯಂತ್ರಗಳನ್ನು ಒಂದೊಂದಾಗಿ ಬರೆದುಕೊಂಡು, ಈ ವರ್ಷ ಹೊಸದಾಗಿ ಬಂದದ್ದೇನು, ಗೋಡೌನ್ ಬದಲಾಯಿತೇ, ಪಾಲಿಸಿಯಲ್ಲಿರುವ ವಿಳಾಸ ಈಗಿನದೇ ಎಂದು ನೋಡಿ ಬರುವ ಏಜೆಂಟನಿಗೆ ಪೋಸ್ಟರ್ ಬೇಕಾಗುವುದಿಲ್ಲ. ಹತ್ತು ಜನಕ್ಕಿಂತ ಕಡಿಮೆ ಇರುವ, ಇಎಸ್ಐ ಮುಟ್ಟದ ಘಟಕದಲ್ಲಿ ಕಾರ್ಮಿಕನ ಬೆರಳು ಪ್ರೆಸ್ಸಿಗೆ ಸಿಕ್ಕರೆ ಕಾರ್ಮಿಕ ಪರಿಹಾರದ ಕಾನೂನಿನಡಿ ಹಣ ಮಾಲೀಕನ ತಲೆಗೇ ಬರಬಹುದು. ಅದಕ್ಕೂ ವಿಮೆ ಇದೆ. ಹೇಳುವವರು ಬೇಕು. ಗೋಕುಲ ರಸ್ತೆಯ ಸಣ್ಣ ಕೈಗಾರಿಕೆಗಳ ಸಂಘದಲ್ಲೋ ವಾಣಿಜ್ಯೋದ್ಯಮ ಸಂಸ್ಥೆಯ ಸಭೆಯಲ್ಲೋ ಅರ್ಧ ಗಂಟೆ ಈ ಎರಡೇ ವಿಷಯ ಹೇಳಿದರೂ ಸಾಕು, ಮಾಲೀಕರು ತಾವಾಗಿ ಮನೆಗೆ ಹೋಗಿ ಪಾಲಿಸಿ ತೆಗೆದು ಓದುತ್ತಾರೆ.

ಇದೆಲ್ಲ ಶ್ರಮದ ದಾರಿ. ಸುಲಭದ ದಾರಿ ಎಲ್ಲರಿಗೂ ಗೊತ್ತಿರುವುದೇ: “ಮದಲನೇ ಕಂತು ನಾನ ತುಂಬತೇನ್ರಿ, ನೀವು ಬರೇ ಸಹಿ ಮಾಡ್ರಿ.” ವಿಮಾ ಕಾಯ್ದೆಯ 41ನೇ ಕಲಮಿನ ಪ್ರಕಾರ ಇದು ಅಪರಾಧ. ಕೊಟ್ಟವರಿಗೂ ತೆಗೆದುಕೊಂಡವರಿಗೂ 10 ಲಕ್ಷದವರೆಗೆ ದಂಡ ಬೀಳಬಹುದು. ಬಿಟ್ಟಿ ಬಂದ ಪಾಲಿಸಿ ಎರಡನೇ ವರ್ಷ ದುಬಾರಿ ಅನಿಸುತ್ತದೆ. ಪಕ್ಕದ ಓಣಿಯ ಏಜೆಂಟ್ ಎರಡು ಕಂತು ಬಿಡುತ್ತಾನಂತೆ ಎಂದು ಗಿರಾಕಿ ಅಲ್ಲಿಗೆ ಹೋಗುತ್ತಾನೆ. ಏಜೆಂಟರು ತಮ್ಮ ಕಸುಬಿಗೆ ತಾವೇ ತೋಡಿಕೊಂಡ ಹೊಂಡ ಇದು. ಟಾರ್ಗೆಟ್ ಮುಗಿಸಲು ಒತ್ತಾಯಿಸುವ ಮೇಲಿನವರು ಅದರೊಳಗೆ ಇಣುಕಿಯೂ ನೋಡುವುದಿಲ್ಲ.

ಗಿರಾಕಿ ನಿಜವಾಗಿ ಏಜೆಂಟನ ಬೆಲೆ ಕಟ್ಟುವುದು ಕ್ಲೇಮಿನ ಹೊತ್ತಿಗೆ. ಅಲ್ಲಿ ಅಡ್ಡಿಯಾಗುವುದು ದೊಡ್ಡ ಕಾನೂನಲ್ಲ, ಹೆಸರು. ನಮ್ಮ ಕಡೆಯ ಅಡ್ಡಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ ದಾಖಲೆಗೊಂದು. ಹೂಗಾರ ಎಂಬುದಕ್ಕೆ ಆಧಾರಿನಲ್ಲಿ ಎರಡು ‘ಓ’, ಪಾಲಿಸಿಯಲ್ಲಿ ಒಂದು ‘ಯು’, ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರೇ ಇಲ್ಲ, ತಂದೆಯ ಹೆಸರಷ್ಟೇ. ನಾಮಿನಿ ಕಾಲಮ್ಮಿನಲ್ಲಿ ಎಂದೋ ತೀರಿಕೊಂಡ ತಾಯಿ, ಮದುವೆಯಾಗಿ ಎಂಟು ವರ್ಷವಾದರೂ ಹೆಂಡತಿಯ ಹೆಸರಿಲ್ಲ. ಸತ್ತ ಮೇಲೆ ಇದನ್ನು ಸರಿಮಾಡಲು ತಿಂಗಳುಗಟ್ಟಲೆ ತಿರುಗಾಟ, ಬದುಕಿದ್ದಾಗ ಮಾಡಿದರೆ ಒಂದು ಅರ್ಜಿ. ಮದುವೆಯ ಆಮಂತ್ರಣ ಬಂದಾಗ ಉಡುಗೊರೆಯ ಜೊತೆ ನಾಮಿನಿ ಬದಲಾವಣೆಯ ಫಾರ್ಮನ್ನೂ ಒಯ್ಯುವ ಏಜೆಂಟನನ್ನು ನೋಡಿ ನಾಲ್ಕು ಜನ ನಗಬಹುದು. ನಗಲಿ.

ಜಾಹೀರಾತಿನ ಬಗ್ಗೆ ಒಂದೇ ಮಾತು. ಕಂಪನಿಯ ಒಪ್ಪಿಗೆ ಇಲ್ಲದೆ ಏಜೆಂಟ್ ತಾನೇ ಪೋಸ್ಟರ್ ಮಾಡಿ ಹಂಚುವಂತಿಲ್ಲ. ‘ಇಷ್ಟು ಕಟ್ಟಿ, ಇಷ್ಟು ಪಡೆಯಿರಿ’ ಎಂಬ ಗ್ರೂಪ್ ಮೆಸೇಜುಗಳು ಬಹುಪಾಲು ಈ ನಿಯಮದ ಆಚೆಗಿನವು. ಫೋನಿನ ಒಳ್ಳೆಯ ಉಪಯೋಗ ಬೇರೆಯೇ ಇದೆ. ‘ನಿಮ್ಮ ಪಾಲಿಸಿಗೆ ಬೋನಸ್ ಬಂದಿದೆ, ಬಿಡಿಸಿಕೊಳ್ಳಲು ಇಷ್ಟು ಕಟ್ಟಿ’ ಎಂದು ಅಪರಿಚಿತರ ಕರೆ ಬಂದಾಗ, ಹೌದೋ ಅಲ್ಲವೋ ಎಂದು ಕೇಳಲು ಗಿರಾಕಿಯ ಕೈ ಯಾರ ನಂಬರಿಗೆ ಹೋಗುತ್ತದೆ ಎಂಬುದನ್ನು ನೋಡಬೇಕು.

ಪೈಪೋಟಿ ಮುಂದೆ ಇನ್ನೂ ಹೆಚ್ಚುತ್ತದೆ. ಎಲ್‌ಐಸಿ 2024ರ ಡಿಸೆಂಬರಿನಲ್ಲಿ ಬಿಮಾ ಸಖಿ ಯೋಜನೆ ತಂದಿತು. ಹತ್ತನೇ ತರಗತಿ ಮುಗಿಸಿದ ಹೆಣ್ಣುಮಕ್ಕಳು ಏಜೆಂಟರಾಗಿ ಮೊದಲ ವರ್ಷ ತಿಂಗಳಿಗೆ 7 ಸಾವಿರ, ಆಮೇಲೆ 6 ಸಾವಿರ, ಮೂರನೇ ವರ್ಷ 5 ಸಾವಿರ ಪಡೆಯಬಹುದು. ಮುಂದಿನ ವರ್ಷಗಳ ಹಣ ಸಿಗಬೇಕಾದರೆ ಹಿಂದೆ ಮಾಡಿಸಿದ ಪಾಲಿಸಿಗಳಲ್ಲಿ ಶೇ 65 ಚಾಲೂ ಇರಬೇಕು. ಓಣಿಯ ಸ್ವಸಹಾಯ ಸಂಘದಲ್ಲಿ ವಾರಕ್ಕೊಮ್ಮೆ ಕೂಡುವ ಹೆಂಗಸಿಗೆ ಈ 65 ಕಷ್ಟವಾಗಲಾರದು. ಬೈಕಿನಲ್ಲಿ ಬಂದು ಸಹಿ ಹಾಕಿಸಿಕೊಂಡು ಹೋಗುವ ಏಜೆಂಟನಿಗೆ ಕಷ್ಟವಾದೀತು.

ಸುರಕ್ಷಾ ಬಿಮಾ ಮತ್ತು ಜೀವನ್ ಜ್ಯೋತಿ ಎರಡರ ವರ್ಷವೂ ಮೇ 31ಕ್ಕೆ ಮುಗಿಯುತ್ತದೆ. ಮುಂದಿನ ವರ್ಷದ ಕಡಿತಕ್ಕೆ ಖಾತೆಯಲ್ಲಿ ಹಣ ಇರದಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ. ತಾರಿಹಾಳದ ಯಾವುದಾದರೂ ಏಜೆಂಟ್ ಈ ವರ್ಷ ಹೊಸದೇನನ್ನಾದರೂ ಮಾಡಬೇಕೆಂದಿದ್ದರೆ, ಮೇ ಕೊನೆಯ ವಾರ ತನ್ನ ಡೈರಿಯಲ್ಲಿರುವ ಎಲ್ಲರಿಗೂ ಒಂದು ಸಾಲು ಕಳಿಸಬಹುದು: “ಅಣ್ಣಾರ, ಅಕ್ಕಾರ, ಈ ವಾರ ಖಾತೇದಾಗ 456 ರೂಪಾಯಿ ಇರ್ಲಿ.”