ಲಾರಿಯ ತಂಪುಗಾಳಿ ಯಾರ ಹೊಣೆ?

ಒಟ್ಟು ತೂಕ 3.5 ಟನ್ನು ಮೀರುವ ಸರಕು ಲಾರಿಗಳನ್ನು 2025ರ ಅಕ್ಟೋಬರ್ 1ರಿಂದ ಚಾಲಕರ ಕ್ಯಾಬಿನ್ನಿಗೆ ಏಸಿ ಹಾಕಿಯೇ ತಯಾರಿಸಬೇಕೆಂದು ಕೇಂದ್ರ ಸರಕಾರ 2023ರ ಡಿಸೆಂಬರಿನಲ್ಲಿ ವಿಧಿಸಿತು. ನಾವು ಇದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಕಾಯಿದೆ ಏಸಿಯನ್ನು ಕೂರಿಸಬಲ್ಲದೇ ಹೊರತು ಓಡಿಸಲಾರದು.

ಆಗೊಮ್ಮೆ ಈಗೊಮ್ಮೆ ಕೈಕೊಡುವ ಏಸಿಯದೇ ದೊಡ್ಡ ತಕರಾರು. ಮಟಮಟ ಮಧ್ಯಾಹ್ನ ಘಾಟಿಯಲ್ಲಿ ನಿಂತದ್ದು ಸಂಜೆ ಗ್ಯಾರೇಜಿನಲ್ಲಿ ತಣ್ಣಗೆ ಬೀಸುತ್ತದೆ. ಸುಳ್ಳುಗಾರನಾಗುವವನು ಚಾಲಕ! ಬಹಳವಾದರೆ ‘ಗ್ಯಾಸ್ ತುಂಬಿಸು’ ಎನ್ನುತ್ತಾರೆ ಮಾಲೀಕರು. ಗ್ಯಾಸೇನು ಡೀಸೆಲ್ಲಿನಂತೆ ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರುವುದನ್ನು ನಿಲ್ಲಿಸದೆ ತುಂಬಿದ ಹಣ ದಂಡ.

ಕೆಟ್ಟಿರುವ ಹೊತ್ತಿನಲ್ಲೇ ನೋಡಬೇಕು. ಕಂಪ್ರೆಸರಿನ ಕ್ಲಚ್ಚು ಹಿಡಿದಿದೆಯೇ? ಇಲ್ಲವಾದರೆ ಅದರ ಕಾಯಿಲಿಗೆ ಕರೆಂಟು ಬರುತ್ತಿದೆಯೇ? ಸರಿಯಾಗಿ ಬಂದೂ ಹಿಡಿಯದಿದ್ದರೆ ಕ್ಲಚ್ಚು ಸವೆದು ಸಂದು ಹೆಚ್ಚಿರಬಹುದು, ಇಲ್ಲವೇ ಕಾಯಿಲು ಕಾದು ಸೋತಿರಬಹುದು. ತಣ್ಣಗಾದ ಮೇಲೆ ಮತ್ತೆ ಹಿಡಿದು ಎಲ್ಲರನ್ನೂ ಮರುಳು ಮಾಡುತ್ತದೆ. ಕರೆಂಟೇ ಇಲ್ಲವೆಂದರೆ ರಿಲೇ, ಸಡಿಲ ವೈರು, ಪ್ರೆಷರ್ ಸ್ವಿಚ್ಚುಗಳನ್ನು ಶೋಧಿಸಬೇಕು. ಕಂಡೆನ್ಸರಿಗೆ ಧೂಳು, ಹತ್ತಿಯ ಎಳೆ ಕಟ್ಟಿಕೊಂಡರೂ ಒತ್ತಡವೇರಿ ಆ ಸ್ವಿಚ್ಚು ಕರೆಂಟು ಕಡಿಯುತ್ತದೆ. (ಹತ್ತಿಯ ಎಳೆಯ ಕಾಟವನ್ನು ಗಿರಣಿಯ ಗೆಳೆಯರಿಗೆ ನಾವು ವಿವರಿಸಬೇಕಾಗಿಲ್ಲ.)

ನಿಂತದ್ದು ಯಾವಾಗ, ಲಾರಿ ಓಡುವಾಗಲೋ ಗೇಟಿನಲ್ಲಿ ಕಾಯುವಾಗಲೋ, ಎಷ್ಟು ಹೊತ್ತಿಗೆ ಮರಳಿತು—ಇದನ್ನು ಬಲ್ಲವನು ಚಾಲಕನೊಬ್ಬನೇ. ಅವನ ಮಾತನ್ನು ಬರೆದುಕೊಂಡು ಮೇಸ್ತ್ರಿಯ ಕೈಗೆ ಕೊಡಲಿ. ರಿಪೇರಿಯ ಖರ್ಚು ಮಾಲೀಕರದೇ. ಅದನ್ನು ಚಾಲಕನ ಭತ್ಯೆಯಲ್ಲಿ ಮುರಿಯಕೂಡದು. ಬೆಂದು ತೂಕಡಿಸುವ ಚಾಲಕನ ಹಿಂದೆ ಇರುವುದು ಸಣ್ಣ ವ್ಯಾಪಾರಿಯ ಸಾಲದ ಸರಕು ಕೂಡ.