ಹೂಂ... ಆಮೇಲೆ?

ಹೋದ ತಿಂಗಳು ಓದುಗರೊಬ್ಬರು ಉದ್ದದ ಮೆಸೇಜ್ ಕಳಿಸಿದ್ದರು. ವಯಸ್ಸು 27, ಬೆಂಗಳೂರಿನಲ್ಲಿ ಟೆಸ್ಟಿಂಗ್ ಕೆಲಸ. ಟೀಮಿನಲ್ಲಿ ಆಗಲೇ ಮೂವರನ್ನು ಮನೆಗೆ ಕಳಿಸಿದ್ದಾರಂತೆ. ಮುಂದಿನ ಸರದಿ ತನ್ನದೇ ಇರಬಹುದು ಅನ್ನೋ ಭಯ. ಊರಲ್ಲಿ ಅಪ್ಪ ಮಾಡಿದ ಮನೆ ಸಾಲದ ಅರ್ಧ ಕಂತು ಇವರೇ ಕಟ್ಟಬೇಕು. ‘ಆಫೀಸಲ್ಲಿ ಎಲ್ಲರೂ ನಿನ್ನ ಟೈಮಿಂಗ್ ಸೂಪರ್, ಕಾಮಿಡಿಗೆ ಹೋಗು ಅಂತಾರೆ. ಯಾರೇನೇ ಅಂದ್ರೂ ನಂಗೆ ಪಟ್ ಅಂತ ಉತ್ತರ ಬರುತ್ತೆ. ಅವರೇ ತೆಗೆಯೋ ಮೊದಲು ನಾನೇ ರಿಸೈನ್ ಮಾಡಿ ಇಂಪ್ರಾವ್‌ಗೆ ಇಳಿದುಬಿಡಲಾ? ನೀವು ಎರಡು ವರ್ಷದಿಂದ ಮಾಡ್ತಿದ್ದೀರಲ್ಲ, ಹೇಳಿ.’

ಇದು ಅವರೊಬ್ಬರ ಪ್ರಶ್ನೆ ಅಲ್ಲ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ರೀಲ್ಸ್ ನೋಡುತ್ತಾ ‘ನಾನೂ ಮಾಡಬಹುದಿತ್ತು’ ಅಂದುಕೊಳ್ಳುವ ತುಂಬಾ ಜನ ನಮ್ಮಲ್ಲಿದ್ದಾರೆ. ಅದಕ್ಕೇ ಉತ್ತರವನ್ನು ಇನ್‌ಬಾಕ್ಸ್‌ನಲ್ಲಿ ಬರೆಯದೆ ಇಲ್ಲಿ ಬರೀತಿದ್ದೀನಿ.

ಮಾತಾಡದ ಹಸು

ಮೊದಲು ಇಂಪ್ರಾವ್ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಸ್ಟ್ಯಾಂಡಪ್‌ನಲ್ಲಿ ಜೋಕ್ ಮೊದಲೇ ಬರೆದಿರುತ್ತೀರಿ, ಹತ್ತಾರು ಸಲ ಹೇಳಿ ತಿದ್ದಿರುತ್ತೀರಿ, ಸ್ಟೇಜ್ ಮೇಲೆ ಒಬ್ಬರೇ ಇರುತ್ತೀರಿ. ಇಂಪ್ರಾವ್‌ನಲ್ಲಿ ಸ್ಕ್ರಿಪ್ಟೇ ಇರಲ್ಲ. ಪ್ರೇಕ್ಷಕರು ಒಂದು ಪದವೋ ಜಾಗವೋ ಕೊಡುತ್ತಾರೆ, ನಾಲ್ಕೈದು ಜನ ಸೇರಿ ಅಲ್ಲೇ ನಾಟಕ ಕಟ್ಟಬೇಕು. ಆಶುಕವಿ ಅಂತ ಕೇಳಿದ್ದೀವಲ್ಲ, ಇದು ಆಶುನಾಟಕ.

ನಮ್ಮ ಭಾನುವಾರದ ಕ್ಲಾಸಿನ ಒಂದು ಉದಾಹರಣೆ ಕೊಡ್ತೀನಿ. ಒಬ್ಬರು ಬಂದು ಹೇಳಿದರು: ‘ಡಾಕ್ಟ್ರೇ, ಮೂರು ದಿನದಿಂದ ನಮ್ಮ ಹಸು ಮಾತಾಡ್ತಿಲ್ಲ.’

ಎದುರಿಗಿದ್ದವರು ‘ರೀ, ಇದು ಆಸ್ಪತ್ರೆ ಅಲ್ಲ, ಬಸ್‌ಸ್ಟ್ಯಾಂಡು’ ಅನ್ನಬಹುದು. ಎಲ್ಲರೂ ನಗುತ್ತಾರೆ, ಒಂದೇ ಸಲ. ಆಮೇಲೆ ಡಾಕ್ಟರೂ ಇಲ್ಲ, ಹಸುವೂ ಇಲ್ಲ, ಮುಂದೆ ಹೇಳಲು ಏನೂ ಇಲ್ಲ. ಆದರೆ ಅವತ್ತು ಡಾಕ್ಟರಾದವರು ಗಂಭೀರವಾಗಿ ಕೇಳಿದ್ದು: ‘ಮನೇಲಿ ಏನಾದ್ರೂ ಜಗಳ ಆಯ್ತಾ?’ ಮೊದಲನೆಯವರು ತಲೆ ತಗ್ಗಿಸಿ, ‘ಡೈರೀಲಿ ಹಾಲಿಗೆ ಫ್ಯಾಟ್ ಕಮ್ಮಿ ಅಂದ್ರು ಡಾಕ್ಟ್ರೇ. ಅದೂ ನಾಲ್ಕು ಜನರ ಮುಂದೆ’ ಅಂದರು. ಇಡೀ ರೂಮು ಬಿದ್ದು ಬಿದ್ದು ನಕ್ಕಿತು.

ಇಲ್ಲಿ ಯಾರೂ ಜೋಕ್ ಹೊಡೆದಿಲ್ಲ, ಗಮನಿಸಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ನಂಬಿ, ಒಂದು ಪ್ರಶ್ನೆ ಕೇಳಿದರು, ಅಷ್ಟೇ. ಮತ್ತೆ ಆ ಫ್ಯಾಟ್ ಅನ್ನೋ ಮಾತು ಹೊಳೆದದ್ದು ಯಾಕೆ ಗೊತ್ತಾ? ಅವರು ಮಂಡ್ಯ ಕಡೆಯವರು. ಡೈರಿ ಮುಂದೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತು, ಅಳೆಯುವವನ ಮುಖ, ಅಳೆಸಿಕೊಳ್ಳುವವನ ಮುಖ ಎರಡನ್ನೂ ನೋಡಿದವರು.

ಈ ನಿಯಮಕ್ಕೆ ಇಂಗ್ಲಿಷಿನಲ್ಲಿ ‘ಯೆಸ್, ಆ್ಯಂಡ್’ ಅಂತಾರೆ. ಎದುರಿನವರು ಕೊಟ್ಟಿದ್ದನ್ನು ಒಪ್ಪಿಕೋ, ಅದಕ್ಕೊಂದು ಸೇರಿಸು. ನಮಗೆ ಇದೇನು ಹೊಸದಲ್ಲ. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ‘ಹೂಂ’ ನಿಂತರೆ ಕಥೆಯೂ ನಿಲ್ಲುತ್ತಿತ್ತು. ‘ಆಮೇಲೆ?’ ಅಂದರೆ ಅಜ್ಜಿ ಹುಮ್ಮಸ್ಸಿನಿಂದ ಇನ್ನೊಂದು ರಾಕ್ಷಸನನ್ನು ತರುತ್ತಿದ್ದರು. ‘ಹೂಂ’ ಅನ್ನೋದು ಒಪ್ಪಿಗೆ, ‘ಆಮೇಲೆ?’ ಅನ್ನೋದು ಕುತೂಹಲ. ಇಂಪ್ರಾವ್‌ಗೆ ಎರಡೂ ಬೇಕು.

ಶಿಕಾಗೋದಲ್ಲಿ ನಡೆದದ್ದು

ಇವತ್ತು ಪ್ರಪಂಚದ ಎಲ್ಲ ಕಡೆ ಕಲಿಸುವ ಇಂಪ್ರಾವ್‌ನ ಮುಖ್ಯ ಬೇರು ಅಮೆರಿಕದ ಶಿಕಾಗೋದಲ್ಲಿದೆ. ಅದು ಶುರುವಾದದ್ದು ಆಟಗಳಿಂದ. 1930ರ ದಶಕದ ಕೊನೆಯಲ್ಲಿ ವಯೋಲಾ ಸ್ಪೋಲಿನ್ ಅನ್ನುವವರು ಅಲ್ಲಿನ ಮಕ್ಕಳಿಗೆ, ಬಡಾವಣೆಯ ಜನರಿಗೆ ನಾಟಕ ಕಲಿಸುತ್ತಿದ್ದರು. ಹಲವರು ವಲಸೆ ಬಂದ ಕುಟುಂಬದವರು, ಮನೆಮಾತು ಬೇರೆ ಬೇರೆ. ಡೈಲಾಗ್ ಉರು ಹೊಡೆಸುವ ಬದಲು ಅವರು ಆಟಗಳನ್ನು ಕಟ್ಟಿದರು. ಒಬ್ಬರು ಮಾಡಿದ್ದನ್ನು ಎದುರಿಗೆ ನಿಂತವರು ಕನ್ನಡಿಯ ಹಾಗೆ ಮಾಡುವ ಆಟವನ್ನು ನಾವು ಈಗಲೂ ಕ್ಲಾಸಿನಲ್ಲಿ ಆಡುತ್ತೇವೆ. ಆ ಆಟಗಳನ್ನೆಲ್ಲ ಸೇರಿಸಿ 1963ರಲ್ಲಿ ‘ಇಂಪ್ರೊವೈಸೇಷನ್ ಫಾರ್ ದಿ ಥಿಯೇಟರ್’ ಅನ್ನೋ ಪುಸ್ತಕ ಮಾಡಿದರು.

ಅವರ ಮಗ ಪಾಲ್ ಸಿಲ್ಸ್ ಗೆಳೆಯರ ಜೊತೆ 1959ರ ಡಿಸೆಂಬರ್‌ನಲ್ಲಿ ಅದೇ ಊರಲ್ಲಿ ‘ಸೆಕೆಂಡ್ ಸಿಟಿ’ ಅನ್ನೋ ಥಿಯೇಟರ್ ತೆರೆದರು. ಅವರು ಕೆಲಸ ಮಾಡುವ ರೀತಿ ನಮ್ಮಂಥ ಎಂಜಿನಿಯರುಗಳಿಗೆ ಬೇಗ ಅರ್ಥವಾಗುತ್ತೆ. ಬರೆದು ಅಭ್ಯಾಸ ಮಾಡಿದ ಶೋ ಮುಗಿದ ಮೇಲೆ, ಪ್ರೇಕ್ಷಕರಿಂದ ವಿಷಯ ಕೇಳಿ ಪೂರ್ವತಯಾರಿ ಇಲ್ಲದೆ ಆಡುತ್ತಾರೆ. ಅದರಲ್ಲಿ ಬಹಳಷ್ಟು ಮರುದಿನಕ್ಕೆ ಉಳಿಯಲ್ಲ. ಚೆನ್ನಾಗಿ ಬಂದದ್ದನ್ನು ಮತ್ತೆ ತಿದ್ದಿ, ಆಡಿ ನೋಡಿ, ಮುಂದಿನ ಶೋಗೆ ಸ್ಕೆಚ್ ಮಾಡುತ್ತಾರೆ. ನಮ್ಮ ಭಾಷೆಯಲ್ಲಿ ಪ್ರೊಟೊಟೈಪ್, ಟೆಸ್ಟ್, ರಿಲೀಸ್. ಅಂದರೆ ಇಂಪ್ರಾವ್ ಅವರಿಗೆ ಬರೀ ಪ್ರದರ್ಶನ ಅಲ್ಲ, ಬರೆಯುವ ವಿಧಾನ ಕೂಡ. ಕಾಮಿಡಿಯಲ್ಲಿ ಕೆಲಸ ಹುಡುಕುವವರು ಇದನ್ನು ನೆನಪಿಡಬೇಕು. ಸ್ಟೇಜ್ ಮೇಲೆ ಕಳೆದ ರಾತ್ರಿಗಳು ಕೊನೆಗೆ ಬರವಣಿಗೆಯಾಗಿ, ನಟನೆಯಾಗಿ, ಪಾತ್ರಗಳಾಗಿ ಕೈಗೆ ಬರುತ್ತವೆ.

ನಮ್ಮಲ್ಲಿ ಇರಲಿಲ್ವಾ?

ನಮ್ಮೂರು ಸಾಗರದ ಹತ್ತಿರ. ಚಿಕ್ಕವರಿದ್ದಾಗ ಅಜ್ಜ ತಾಳಮದ್ದಲೆಗೆ ಕರೆದುಕೊಂಡು ಹೋಗುತ್ತಿದ್ದರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಕೃಷ್ಣನಾಗಿ, ಕರ್ಣನಾಗಿ ಮಾತಾಡುತ್ತಾರೆ. ಪದ್ಯ ಮೊದಲೇ ಇದ್ದದ್ದು, ಮಾತು ಮಾತ್ರ ಆ ಹೊತ್ತಿನದು. ಎದುರಿನವರು ಎಲ್ಲಿಂದ ಪ್ರಶ್ನೆ ಎತ್ತುತ್ತಾರೋ ಗೊತ್ತಿರಲ್ಲ, ಪಾತ್ರ ಬಿಡದೆ ಉತ್ತರ ಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ. ಅಂಥವರ ಮಾತಿನ ಬಲ ಇದ್ದದ್ದು ಬರೀ ನಾಲಿಗೆಯಲ್ಲಿ ಅಲ್ಲ. ಪುರಾಣ ಓದಬೇಕು, ಲೋಕವ್ಯವಹಾರ ಗೊತ್ತಿರಬೇಕು, ಎಲ್ಲಕ್ಕಿಂತ ಎದುರಾಳಿಯ ಮಾತನ್ನು ಕೊನೆವರೆಗೂ ಕೇಳಬೇಕು. ಕೇಳದಿದ್ದರೆ ಉತ್ತರ ಎಲ್ಲಿಂದ ಬರಬೇಕು?

ಹಾಸ್ಯಕ್ಕೆ ಬಂದರೆ ಮಾಸ್ಟರ್ ಹಿರಣ್ಣಯ್ಯ ಇದ್ದರು. ‘ಲಂಚಾವತಾರ’ ನಾಟಕವನ್ನು ವರ್ಷಗಟ್ಟಲೆ ಆಡಿದರು, ಆದರೆ ಸಂಭಾಷಣೆ ಮಾತ್ರ ಒಂದೇ ಥರ ಇರುತ್ತಿರಲಿಲ್ಲ. ಆ ಹೊತ್ತಿನ ರಾಜಕೀಯ ನಾಟಕದೊಳಗೆ ಬಂದುಬಿಡುತ್ತಿತ್ತು. ನಮ್ಮ ಕಾಲಕ್ಕೆ ಬಂದರೆ ದಾನಿಶ್ ಸೇಠ್. ರೇಡಿಯೋದಲ್ಲಿ ಅವರು ಮಾಡುತ್ತಿದ್ದ ಪ್ರ್ಯಾಂಕ್ ಕಾಲ್‌ಗಳ ನೋಗರಾಜ್ ಅನ್ನೋ ಪಾತ್ರ 2018ರಲ್ಲಿ ಸಿನಿಮಾ ಆಯಿತು. ಪ್ರ್ಯಾಂಕ್ ಕಾಲ್ ಅಂದ್ರೆ ಇನ್ನೇನು? ಆ ಕಡೆಯವರು ಏನಂತಾರೋ ಗೊತ್ತಿಲ್ಲದ ಇಂಪ್ರಾವ್ ತಾನೇ.

ದುಡ್ಡಿನ ಮಾತು

ಈಗ ಕಂತಿನ ವಿಷಯ. ಸುಮ್ಮನೆ ಒಂದು ಲೆಕ್ಕ ಹಾಕೋಣ. 300 ರೂಪಾಯಿಯ 40 ಟಿಕೆಟ್ ಮಾರಾಟವಾಯಿತು ಅಂತಿಟ್ಕೊಳ್ಳಿ. 12,000 ರೂಪಾಯಿ. ಅರ್ಧ ಜಾಗದವರಿಗೆ ಹೋದರೆ ಉಳಿದದ್ದು 6,000. ಸ್ಟೇಜ್ ಮೇಲೆ 6 ಜನ. ತಲೆಗೆ ಸಾವಿರ. ಅದಕ್ಕೆ ಮೂರು ದಿನ ರಿಹರ್ಸಲ್, ಹೋಗಿ ಬರುವ ಆಟೋ. ಸ್ಟ್ಯಾಂಡಪ್‌ನಲ್ಲಿ ಒಬ್ಬರಿಗೆ ಸಿಗೋದು ಇಂಪ್ರಾವ್‌ನಲ್ಲಿ ಹಂಚಿಹೋಗುತ್ತೆ. ಅದಕ್ಕೇ ನನಗೆ ಪರಿಚಯವಿರುವ ಇಂಪ್ರಾವ್‌ನವರು ಬರೀ ಶೋ ನಂಬಿಕೊಂಡು ಕೂತಿಲ್ಲ. ಒಬ್ಬರು ವರ್ಕ್‌ಶಾಪ್ ನಡೆಸುತ್ತಾರೆ, ಒಬ್ಬರು ಕಂಪನಿಗಳಿಗೆ ಹೋಗಿ ಟ್ರೈನಿಂಗ್ ಕೊಡುತ್ತಾರೆ, ಇನ್ನೊಬ್ಬರು ಜಾಹೀರಾತಿಗೆ, ವೆಬ್ ಸೀರೀಸ್‌ಗೆ ಬರೆಯುತ್ತಾರೆ.

ದೊಡ್ಡ ಹೆಸರುಗಳ ಕಥೆಯೂ ಹೀಗೇ. ಟೀನಾ ಫೇ ಕಾಲೇಜು ಮುಗಿಸಿ ಶಿಕಾಗೋಗೆ ಬಂದು, ಹಗಲು ಪಕ್ಕದ ಊರಿನ ವೈಎಂಸಿಎ ರಿಸೆಪ್ಷನ್‌ನಲ್ಲಿ ಕೂತು, ಸಂಜೆ ಇಂಪ್ರಾವ್ ಕಲಿತರು. ‘ಸ್ಯಾಟರ್ಡೇ ನೈಟ್ ಲೈವ್’ ಅನ್ನೋ ಟಿವಿ ಶೋಗೆ ಬರಹಗಾರ್ತಿಯಾಗಿ ಸೇರಿದ್ದು 1997ರಲ್ಲಿ. 1999ರಲ್ಲಿ ಆ ಶೋನ ಮೊದಲ ಮಹಿಳಾ ಮುಖ್ಯ ಬರಹಗಾರ್ತಿ ಆದರು. ಸ್ಟೀಫನ್ ಕೋಲ್ಬೇರ್ ಸೆಕೆಂಡ್ ಸಿಟಿಯಲ್ಲಿ ಮೊದಲು ಫೋನ್ ಎತ್ತುವ ಕೆಲಸಕ್ಕೆ ಸೇರಿದವರು. ಅಲ್ಲಿನ ನೌಕರರಿಗೆ ಕ್ಲಾಸ್ ಉಚಿತವಿತ್ತು. ಮುಂದೆ ಅದೇ ಸ್ಟೇಜಿನಲ್ಲಿ ಸ್ಟೀವ್ ಕರೆಲ್ ಬರದ ದಿನ ಅವರ ಜಾಗದಲ್ಲಿ ಆಡುವ ಬದಲಿ ನಟ ಆದರು. ಬಾಡಿಗೆಗೊಂದು ಕೆಲಸ, ಸಂಜೆಗೊಂದು ಕಲಿಕೆ. ವರ್ಷಗಟ್ಟಲೆ.

ಹಾಗಾದರೆ ಏನ್ ಮಾಡ್ಬೇಕು?

ಮೆಸೇಜ್ ಕಳಿಸಿದ ಗೆಳೆಯರೇ, ನೀವು ನಿಮ್ಮ ಟೈಮಿಂಗ್ ಬಗ್ಗೆ ಬರೆದಿದ್ದೀರಿ. ಆದರೆ ಜನರ ಬಗ್ಗೆ ಒಂದು ಸಾಲೂ ಬರೆದಿಲ್ಲ. ಪಟ್ ಅಂತ ಉತ್ತರ ಬರೋದು ಒಳ್ಳೆಯದೇ. ಆದರೆ ಬಹಳ ಸಲ ಅದು ಎದುರಿನವರ ಮಾತನ್ನು ಅಲ್ಲಿಗೇ ಮುಗಿಸುತ್ತೆ, ಬಸ್‌ಸ್ಟ್ಯಾಂಡ್ ಜೋಕಿನ ಹಾಗೆ. ಇಂಗ್ಲೆಂಡಿನಿಂದ ಕೆನಡಾಕ್ಕೆ ಹೋಗಿ ಇಂಪ್ರಾವ್ ಕಲಿಸಿದ ಕೀತ್ ಜಾನ್‌ಸ್ಟನ್ ಶಿಷ್ಯರಿಗೆ ಹೇಳುತ್ತಿದ್ದುದು ಇದನ್ನೇ: ಜಾಣತನ ತೋರಿಸಲು ಹೋಗಬೇಡಿ, ಸಹಜವಾಗಿ ತೋಚಿದ್ದನ್ನು ಹೇಳಿ. ನಿಮಗೆ ಸಹಜ ಅನ್ನಿಸಿದ್ದೇ ಬೇರೆಯವರಿಗೆ ಹೊಸದಾಗಿರುತ್ತೆ. ಮಂಡ್ಯದವರಿಗೆ ಡೈರಿ ಫ್ಯಾಟ್ ಹೇಗೋ ಹಾಗೆ.

ಆದ್ದರಿಂದ ರಾಜೀನಾಮೆ ಪತ್ರ ಸದ್ಯಕ್ಕೆ ಡ್ರಾಫ್ಟ್‌ನಲ್ಲೇ ಇರಲಿ. ಕಂಪನಿ ತೆಗೆದರೆ ಅದು ಬೇರೆ ಮಾತು. ಆಗ ಕೈಗೆ ಸ್ವಲ್ಪ ಹಣವಾದರೂ ಬರಬಹುದು, ನೀವಾಗಿ ಬಿಟ್ಟರೆ ಅದೂ ಅನುಮಾನ. ಆ ಭಯಕ್ಕೆ ಮದ್ದು ಇನ್ನೊಂದು ಕಡೆ ಇಂಟರ್‌ವ್ಯೂ ಕೊಡೋದು, ಆರು ತಿಂಗಳ ಕಂತು ಕೂಡಿಡೋದು. ಕಾಮಿಡಿಯನ್ನು ಆ ಭಯದ ಮದ್ದು ಮಾಡಿಕೊಳ್ಳಬೇಡಿ. ಈ ತಿಂಗಳೇ ನಗಿಸಿ ದುಡಿಯಬೇಕು ಅನ್ನೋ ಅವಸರದಲ್ಲಿ ಸ್ಟೇಜ್ ಹತ್ತಿದವರಿಗೆ ಎದುರಿನವರ ಮಾತು ಕಿವಿಗೆ ಬೀಳಲ್ಲ. ತಮ್ಮ ಜೋಕಿಗೆ ಜಾಗ ಎಲ್ಲಿದೆ ಅಂತ ಹುಡುಕ್ತಾ ಇರ್ತಾರೆ.

ಆರು ತಿಂಗಳು ಇಷ್ಟು ಮಾಡಿ ನೋಡಿ.

ವಾರಕ್ಕೊಂದು ಕ್ಲಾಸ್ ಅಥವಾ ಜ್ಯಾಮ್. ಯಾವ ಅನುಭವವೂ ಇಲ್ಲದವರು ಬಂದು ಆಡಬಹುದಾದ ಅಭ್ಯಾಸದ ಸೆಷನ್‌ಗಳಿಗೆ ಜ್ಯಾಮ್ ಅಂತಾರೆ, ಬೆಂಗಳೂರಿನಲ್ಲಿ ಹುಡುಕಿದರೆ ಸಿಗುತ್ತವೆ.

ದಿನಕ್ಕೊಂದು ಹೆಚ್ಚಿನ ಪ್ರಶ್ನೆ. ಆಟೋದವರು ‘ಇವತ್ತು ಬಾಡಿಗೇನೇ ಇಲ್ಲ ಸಾರ್’ ಅಂದಾಗ ‘ಹೌದಾ’ ಅಂತ ಫೋನಿಗೆ ಮರಳಬೇಡಿ. ‘ಯಾವ ಟೈಮಲ್ಲಿ ಚೆನ್ನಾಗಿ ಸಿಗುತ್ತೆ ಅಣ್ಣ?’ ಅಂತ ಕೇಳಿ. ರಾತ್ರಿ ಎರಡು ಸಾಲು ಬರೆದಿಡಿ. ಜೋಕ್ ಬೇಡ, ಅವರು ಹೇಳಿದ್ದು ಹೇಗಿತ್ತೋ ಹಾಗೇ.

ತಿಂಗಳಿಗೊಂದು ಸಂಬಂಧವೇ ಇಲ್ಲದ ವಿಷಯ. ಜೇನು ಸಾಕಣೆ, ರೈಲ್ವೆ ಸಿಗ್ನಲ್, ಮದುವೆ ಮನೆ ಅಡುಗೆಯವರ ಲೆಕ್ಕಾಚಾರ, ಯಾವುದಾದರೂ ಸರಿ. ಸ್ಟೇಜ್ ಮೇಲೆ ಯಾರೋ ‘ಜೇನು’ ಅಂತ ಕೂಗಿದಾಗ ನಿಮ್ಮ ಬಳಿ ಕೊಡಲು ಏನಾದರೂ ಇರುತ್ತೆ.

ಮತ್ತೆ ನಿಮ್ಮ ಆಫೀಸು. ಲೇಆಫ್ ಸುದ್ದಿ ಬಂದ ದಿನ ಪ್ಯಾಂಟ್ರಿಯಲ್ಲಿ ಜನ ಹೇಗೆ ನಿಲ್ಲುತ್ತಾರೆ, ಯಾರು ಜೋರಾಗಿ ನಗುತ್ತಾರೆ, ಮ್ಯಾನೇಜರ್ ಯಾವ ಪದ ನುಂಗುತ್ತಾರೆ, ಇದನ್ನೆಲ್ಲ ನಿಮ್ಮಷ್ಟು ಹತ್ತಿರದಿಂದ ನೋಡುತ್ತಿರುವ ಕಾಮಿಡಿಯನ್‌ಗಳು ಎಷ್ಟು ಜನ ಇದ್ದಾರೆ? ಬಿಟ್ಟು ಓಡಬೇಕು ಅಂದುಕೊಂಡ ಜಾಗವೇ ಸದ್ಯಕ್ಕೆ ನಿಮ್ಮ ಬಂಡವಾಳ.

ನಾನೂ ಕೆಲಸ ಬಿಟ್ಟಿಲ್ಲ. ಮುಂದೆ ಬಿಡಬಹುದು. ವರ್ಕ್‌ಶಾಪ್, ಬರವಣಿಗೆಯಿಂದ ಬರುವ ದುಡ್ಡು ಸತತ ಒಂದು ವರ್ಷ ಮನೆ ಬಾಡಿಗೆ ಮುಟ್ಟಿದರೆ ಆಗ ಯೋಚಿಸೋಣ ಅಂತ ನಾನೇ ಹಾಕಿಕೊಂಡ ಗೆರೆ ಇದೆ. ನೀವೂ ನಿಮ್ಮ ಗೆರೆಯನ್ನು ಈಗಲೇ ಎಳೆದು, ತಾರೀಕು ಹಾಕಿ, ಮನೆಯವರಿಗೂ ಹೇಳಿಬಿಡಿ. ಗುಟ್ಟಾಗಿ ಇಟ್ಟುಕೊಂಡ ಕನಸಿಗಿಂತ ಅಪ್ಪನಿಗೂ ಗೊತ್ತಿರುವ ಲೆಕ್ಕ ಒಳ್ಳೆಯದು. ಅವರು ‘ಇದೆಲ್ಲ ಯಾಕೆ?’ ಅಂದರೆ ಪಟ್ ಅಂತ ಉತ್ತರ ಕೊಡಬೇಡಿ. ಪೂರ್ತಿ ಕೇಳಿಸಿಕೊಳ್ಳಿ. ನಿಮ್ಮ ವಯಸ್ಸಿನಲ್ಲಿ ಅವರು ಏನಾಗಬೇಕು ಅಂದುಕೊಂಡಿದ್ದರು ಅಂತ ಕೇಳಿ ನೋಡಿ. ಅವರು ಹೇಳಲು ಶುರು ಮಾಡಿದರೆ ನಿಮ್ಮ ಕೆಲಸ ಹೂಂಗುಟ್ಟೋದು ಮಾತ್ರ.