ಜೀವದ ಬೆಲೆ ಕಟ್ಟುವವರು ಯಾರು?

ನಮ್ಮ ರಾಜ್ಯದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಹೊರಡಿಸಿದ ಸುತ್ತೋಲೆಯೊಂದನ್ನು ಕುರಿತು ನಮ್ಮ ಕುಟುಂಬಗಳಲ್ಲಿ ಸಾಕಷ್ಟು ಚಿಂತನೆ ನಡೆದಂತೆ ಕಾಣುವುದಿಲ್ಲ. ಗುಣವಾಗುವ ಭರವಸೆಯೇ ಇಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಕ್ರಮವನ್ನು ಅದು ವಿವರಿಸುತ್ತದೆ. ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ತೀರ್ಮಾನದ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಸುಪ್ರೀಂ ಕೋರ್ಟು 2018ರಲ್ಲಿ ನೀಡಿ 2023ರಲ್ಲಿ ಸರಳಗೊಳಿಸಿದ ಮಾರ್ಗಸೂಚಿಗಳೇ ಇದಕ್ಕೆ ಆಧಾರ. ಇದು ಕೊಲ್ಲಲು ಕೊಟ್ಟ ಪರವಾನಗಿ ಎಂದು ಬೆಚ್ಚುವವರಿದ್ದಾರೆ. ಕೊನೆಗೂ ಮುಂದುವರಿದ ದೇಶಗಳ ಸಾಲಿಗೆ ಸೇರಿದೆವೆಂದು ಹಿಗ್ಗುವವರೂ ಇದ್ದಾರೆ. ಇಬ್ಬರದೂ ಅವಸರವೆಂದೇ ನಮ್ಮ ಅಭಿಪ್ರಾಯ.

ಈ ಕಾನೂನಿನ ಹಾದಿ ಆರಂಭವಾದದ್ದು ನಮ್ಮ ನಾಡಿನ ಮಗಳೊಬ್ಬಳ ಹಾಸಿಗೆಯ ಬಳಿ. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ಆಕೆಯ ಕೊರಳಿಗೆ ಸರಪಳಿ ಬಿಗಿದು ಹಲ್ಲೆ ನಡೆಸಿದ. ಮೆದುಳಿಗೆ ಆದ ಆಘಾತದಿಂದ ಆಕೆ ಮತ್ತೆ ಚೇತರಿಸಿಕೊಳ್ಳಲಿಲ್ಲ. ಆಗ ವಯಸ್ಸು 25. ಸುಮಾರು 42 ವರ್ಷ ಆಕೆಗೆ ಉಣಿಸಿ, ಮೈ ತೊಳೆದು, ಮಗ್ಗುಲು ಬದಲಿಸಿದವರು ಆ ಆಸ್ಪತ್ರೆಯ ದಾದಿಯರು. ಹಿರಿಯರು ನಿವೃತ್ತರಾದರೆ ಕಿರಿಯರು ಆ ಸೇವೆಯನ್ನು ವಹಿಸಿಕೊಂಡರು. ಅಷ್ಟು ದೀರ್ಘಕಾಲ ಮಲಗಿದ್ದರೂ ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡರು. ಹಾಸಿಗೆ ಹಿಡಿದವರನ್ನು ಒಂದು ತಿಂಗಳಾದರೂ ಮನೆಯಲ್ಲಿ ಆರೈಕೆ ಮಾಡಿದವರಿಗೆ ಇದರ ಅರ್ಥ ಬೇರೆ ವಿವರಿಸಬೇಕಾಗಿಲ್ಲ.

ಆಕೆಗೆ ಆಹಾರ ನೀಡುವುದನ್ನು ನಿಲ್ಲಿಸಲು ಅನುಮತಿ ಕೋರಿ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. ಅದರ ಹಿಂದೆ ಕ್ರೌರ್ಯವಿತ್ತೆಂದು ನಾವು ಹೇಳಲಾರೆವು, ಇದ್ದುದು ಕನಿಕರವೇ. ಆದರೆ ಆಧುನಿಕ ಲೌಕಿಕ ಚಿಂತನೆಯ ಕನಿಕರ ಒಂದು ನಿರ್ದಿಷ್ಟ ಪ್ರಶ್ನೆಯಿಂದ ಹೊರಡುತ್ತದೆ: ಅರಿವಿಲ್ಲದ, ಆಯ್ಕೆ ಮಾಡಲಾಗದ ಬದುಕು ಬದುಕೇ? ದಾದಿಯರಿಗೆ ಆ ಪ್ರಶ್ನೆ ಮುಖ್ಯವಾಗಲಿಲ್ಲ. ಆಕೆ ನಮ್ಮವಳು ಎಂದಷ್ಟೇ ಅವರು ಹೇಳಿದರು. 2011ರ ಮಾರ್ಚ್ 7ರಂದು ನ್ಯಾಯಾಲಯವು ಆಕೆಯ ಪರವಾಗಿ ಮಾತನಾಡುವ ಹಕ್ಕು ಆಸ್ಪತ್ರೆಯ ಸಿಬ್ಬಂದಿಯದೆಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ಅದೇ ತೀರ್ಪಿನಲ್ಲಿ ಇತರ ರೋಗಿಗಳಿಗೆ ನಿಷ್ಕ್ರಿಯ ದಯಾಮರಣದ ಬಾಗಿಲನ್ನೂ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಮನುಷ್ಯನು ದೇವರ ಪ್ರತಿರೂಪವೆಂದು ನಾವು ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಆ ಪ್ರತಿರೂಪವು ಅವನ ಬುದ್ಧಿಶಕ್ತಿಯೊಂದಿಗೆ ಹುಟ್ಟಿ ಅದರೊಂದಿಗೇ ಅಳಿಯುವಂಥದಲ್ಲ. ನೋಡಲು, ನುಡಿಯಲು, ದುಡಿಯಲು ಆಗದವನಲ್ಲಿಯೂ ಅದು ಕುಂದುವುದಿಲ್ಲ. ಜಗದ್ಗುರು ಎರಡನೆಯ ಜಾನ್ ಪೌಲರು 1995ರ ತಮ್ಮ ವಿಶ್ವಪತ್ರದಲ್ಲಿ ಜೀವದ ಪರವಾಗಿ ವಾದಿಸಿದ್ದು ಈ ನೆಲೆಯಿಂದಲೇ. ಹಾಗೆಂದು ಯಂತ್ರದ ಬಲದಿಂದ ಉಸಿರಾಟವನ್ನು ಎಷ್ಟಾದರೂ ಎಳೆಯಬೇಕೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ವಿಪರೀತ ಹೊರೆಯಾಗುವ ಅಸಾಧಾರಣ ಚಿಕಿತ್ಸೆಯನ್ನು ನಿರಾಕರಿಸಬಹುದೆಂದು ಜಗದ್ಗುರು ಹನ್ನೆರಡನೆಯ ಪಯಸ್ಸರು 1957ರಲ್ಲೇ ವೈದ್ಯರಿಗೆ ತಿಳಿಸಿದ್ದರು. ಆದರೆ ಜ್ಞಾನಶೂನ್ಯ ಸ್ಥಿತಿಯ ರೋಗಿಗೂ ಅನ್ನ ನೀರು ನೀಡುವುದು ತಾತ್ವಿಕವಾಗಿ ಸಾಮಾನ್ಯ ಆರೈಕೆಯೇ ಎಂದು 2004ರಲ್ಲಿ ಎರಡನೆಯ ಜಾನ್ ಪೌಲರು ಸ್ಪಷ್ಟಪಡಿಸಿದರು. ಸಾವನ್ನು ಬರಗೊಡುವುದು ಬೇರೆ, ಉಪವಾಸ ಕೆಡವಿ ಬರಮಾಡುವುದು ಬೇರೆ. ಸುತ್ತೋಲೆಯನ್ನು ಓದುವಾಗ ನಾವು ಮುಖ್ಯವಾಗಿ ಗಮನಿಸಬೇಕಾದುದು ಈ ಗೆರೆಯನ್ನು.

ಲೌಕಿಕ ಚಿಂತನೆಯನ್ನು ಹೊರಗಿನವರದೆಂದು ದೂರುವುದು ಸುಲಭ. ನಮ್ಮ ಮನೆಗಳಲ್ಲೇ ಅದು ಬೇರುಬಿಟ್ಟಿದೆ. ಮಕ್ಕಳು ಕೊಲ್ಲಿ ನಾಡಿನಲ್ಲಿ. ತಾಯಿ ತುರ್ತು ನಿಗಾ ಘಟಕದಲ್ಲಿ. ವೈದ್ಯರು ಆಸೆಯಿಲ್ಲವೆಂದರೂ ಬಂಧುಗಳ ಬಾಯಿಗೆ ಹೆದರಿ ವಾರಗಟ್ಟಲೆ ವೆಂಟಿಲೇಟರ್ ನಡೆಯುತ್ತದೆ, ಸಾಲ ಬೆಳೆಯುತ್ತದೆ. ಆದರೆ ರೋಗಿಗಳ ಅಭ್ಯಂಗಕ್ಕೆ ಧರ್ಮಗುರುಗಳನ್ನು ಕರೆಯುವಷ್ಟರಲ್ಲಿ ಪ್ರಜ್ಞೆ ತಪ್ಪಿರುತ್ತದೆ. (ಅವರನ್ನು ಕಂಡರೆ ಅಮ್ಮ ಗಾಬರಿಯಾದಾರು ಎಂಬ ನೆಪ ಬೇರೆ!) ಇನ್ನು ಕೆಲವು ಮನೆಗಳಲ್ಲಿ ಹಿರಿಯರೇ ತಮ್ಮನ್ನು ಹೊರೆಯೆಂದು ಕರೆದುಕೊಳ್ಳುತ್ತಾರೆ. ಆ ಮಾತನ್ನು ಅವರಿಗೆ ಯಾರು ಕಲಿಸಿದರೆಂಬುದು ನಮಗೆ ತಿಳಿಯದ ಸಂಗತಿಯೇನಲ್ಲ.

ಮುಂಗಡ ವೈದ್ಯಕೀಯ ಇಚ್ಛಾಪತ್ರವನ್ನು ಬರೆದಿಡುವ ಅವಕಾಶ ಈಗ ಎಲ್ಲ ವಯಸ್ಕರಿಗೂ ಇದೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಸಾಕು. ಕಥೋಲಿಕರು ಅದನ್ನು ಬರೆಯಬಾರದೆಂದೇನೂ ಇಲ್ಲ. ವ್ಯರ್ಥ ಚಿಕಿತ್ಸೆ ಬೇಡ, ನೋವು ಶಮನಗೊಳಿಸುವ ಔಷಧ ಇರಲಿ, ಅನ್ನ ನೀರು ದೇಹಕ್ಕೆ ಒಗ್ಗುವವರೆಗೆ ನಿಲ್ಲಿಸಬೇಡಿ, ಸಂಸ್ಕಾರಗಳನ್ನು ಸಕಾಲದಲ್ಲಿ ಕೊಡಿಸಿ ಎಂದು ಅದರಲ್ಲಿ ಬರೆಯಬಹುದು. ಮಕ್ಕಳು ರಜೆಗೆ ಊರಿಗೆ ಬಂದಾಗ, ತಂದೆ ತಾಯಿ ಇನ್ನೂ ಗಟ್ಟಿಮುಟ್ಟಾಗಿರುವಾಗಲೇ, ಒಂದು ಸಂಜೆ ಜಪಸರವಾದ ಬಳಿಕ ಈ ಮಾತನ್ನು ಎತ್ತಿಕೊಳ್ಳುವುದು ಲೇಸು.